ಒಂದು ಚುನಾವಣೆಯಿಂದ ಅಷ್ಟೆಲ್ಲಾ ಆಗುತ್ತಾ?

ಪ್ರಶ್ನೆ: ಮಗಳು ಲಂಡನ್ನಿನಲ್ಲಿ ನರ್ಸ್. ಅಲ್ಲಿ ಮುಂದೆ ಕನ್ಸರ್ವೇಟಿವ್ ಪಕ್ಷ ಗೆದ್ದರೆ ದೇಶದ ಹಣೆಬರಹವೇ ಬದಲಾಗುತ್ತದೆ ಎನ್ನುತ್ತಾಳೆ. ನಿಜವಾ? ಇಲ್ಲಿ ಯಾರು ಗೆದ್ದರೂ ನಮ್ಮೂರ ಕಾಲುಸಂಕ ಹಾಗೇ ಇದೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆಗುತ್ತದೆ ಅಕ್ಕಾ, ಹಿಂದೆ ಆಗಿದೆ ಕೂಡ. 1979ರಲ್ಲಿ ಕನ್ಸರ್ವೇಟಿವ್ ಪಕ್ಷದ ಮಾರ್ಗರೇಟ್ ಥ್ಯಾಚರ್ ಗೆದ್ದರು. ಮರುವರ್ಷವೇ ಕಾನೂನು ಬಂತು: ಸರ್ಕಾರಿ ಮನೆಯಲ್ಲಿ ಬಾಡಿಗೆಗಿದ್ದವರು ಅದೇ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳಬಹುದು. ಕೊಂಡ ಎಷ್ಟೋ ಮಂದಿ ಮೊದಲು ಮಾಡಿದ ಕೆಲಸ, ಮುಂಬಾಗಿಲಿಗೆ ತಮಗಿಷ್ಟವಾದ ಬಣ್ಣ ಹೊಡೆದದ್ದು. ಖುಷಿಯೇ ಬಿಡಿ. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ, ಹಾಗಾಗಿ ಬಡವರ ಮಕ್ಕಳು ದುಬಾರಿ ಖಾಸಗಿ ಬಾಡಿಗೆಗೆ ಬಿದ್ದರು. ಟೆಲಿಫೋನ್, ಗ್ಯಾಸ್ ಕಂಪನಿಗಳೂ ಖಾಸಗಿಯಾದವು. 1997ರಲ್ಲಿ ಎದುರಾಳಿ ಲೇಬರ್ ಪಕ್ಷ ಬಂದರೂ ಅವನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಇದೇ.

2019ರಲ್ಲಿ ಕನ್ಸರ್ವೇಟಿವ್ ಪಕ್ಷದ ಬೋರಿಸ್ ಜಾನ್ಸನ್‌ಗೆ ಸುಮಾರು 44 ಶೇಕಡಾ ವೋಟು, 650ರಲ್ಲಿ 365 ಸೀಟು (ಅಲ್ಲೂ ನಮ್ಮ ಶಿವಮೊಗ್ಗ ಕ್ಷೇತ್ರದ ಹಾಗೇ, ಒಂದು ವೋಟು ಜಾಸ್ತಿ ಬಂದವರೇ ಗೆದ್ದ ಹಾಗೆ). 2020ರ ಜನವರಿ 31ಕ್ಕೆ ದೇಶ ಯುರೋಪಿಯನ್ ಒಕ್ಕೂಟದಿಂದ ಹೊರಬಂತು. ಸ್ಕಾಟ್ಲೆಂಡ್ ಜನ ಇದನ್ನು ಬಯಸಿರಲಿಲ್ಲ, ಅಲ್ಲಿನ 59 ಸೀಟುಗಳಲ್ಲಿ ಜಾನ್ಸನ್ ಪಕ್ಷಕ್ಕೆ ಸಿಕ್ಕಿದ್ದು ಬರೀ 6. 2024ರಲ್ಲಿ ಅದೇ ಪಕ್ಷ 121 ಸೀಟಿಗೆ ಕುಸಿಯಿತು, ಆದರೂ ಹೊಸ ಸರ್ಕಾರ ಒಕ್ಕೂಟಕ್ಕೆ ಮರಳಲು ಹೊರಡಲಿಲ್ಲ.

ಅಂದಹಾಗೆ, ಕಾನೂನುಬದ್ಧವಾಗಿ ಅಲ್ಲಿ ನೆಲೆಸಿರುವ ಭಾರತೀಯರು ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಹಾಕಬಹುದು. ಮಗಳು ಹೆಸರು ನೋಂದಾಯಿಸಿದ್ದಾಳಾ, ಕೇಳಿ.