ಗೋಡೆಯ ಮೇಲಿನ ಗುರುತು

ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರೊಬ್ಬರು ಜನವರಿಯಲ್ಲಿ ಹೆಂಡತಿಯ ಜೊತೆ ನನ್ನ ಹತ್ತಿರ ಆಪ್ತಸಲಹೆಗೆ ಬಂದರು. ವಯಸ್ಸು 46. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.) "ನಂಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ ಮೇಡಂ. ನಮ್ಮಪ್ಪನೂ ಹಾಗೇ ಇದ್ರು" ಅಂದರು. ಹೆಂಡತಿ ಏನೂ ಹೇಳದೆ ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದರು. ಕಣದ ಪಕ್ಕದ ಗೋಡೆ. ಗಾರೆ ಕಿತ್ತುಬಂದು ಒಳಗಿನ ಕೆಂಪು ಇಟ್ಟಿಗೆ ಕಾಣುತ್ತಿತ್ತು.

ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಕಣದ ತುಂಬ ಹಣ್ಣು ಹರವಿದ್ದರು. ಆಗಲೇ ಅಕಾಲದ ಮಳೆ. ಟಾರ್ಪಾಲ್ ಎಳೆಯಲು ಒಂಬತ್ತನೇ ಕ್ಲಾಸಿನ ಮಗಳು ತಡ ಮಾಡಿದಳು. ಕಾಫಿ ಕೈಯಾಡಿಸುವ ಮರದ ಹಲಗೆ ಇವರ ಕೈಯಲ್ಲಿತ್ತು. ಎಸೆದೇಬಿಟ್ಟರು. ಅವಳ ಭುಜದಿಂದ ಒಂದು ಗೇಣು ಆಚೆ ಗೋಡೆಗೆ ಬಡಿಯಿತು. ಅವತ್ತಿನಿಂದ ಮಗಳು ಅಪ್ಪನ ಜೊತೆ ಊಟಕ್ಕೆ ಕೂತಿಲ್ಲ.

ಮೊದಲು ಹೆಂಡತಿಯನ್ನು ಒಬ್ಬರನ್ನೇ ಕೂರಿಸಿ ಕೇಳಿದೆ. ಕೈ ಮಾಡುತ್ತಾರಾ? ಮನೆಯಲ್ಲಿರಲು ಭಯವಾಗುತ್ತಾ? ಇಲ್ಲ ಅಂದರು. ಹೌದು ಅಂದಿದ್ದರೆ ನನ್ನ ದಾರಿಯೇ ಬೇರೆ. ಅಲ್ಲಿ ಕೋಪ ಇಳಿಸುವ ಪಾಠ ಆಮೇಲಿನ ಮಾತು, ಜೀವ ಕಾಪಾಡುವುದು ಮೊದಲು. ಆದರೂ ತುರ್ತು ಸಹಾಯದ 112 ಮತ್ತು ಮಹಿಳಾ ಸಹಾಯವಾಣಿ 181, ಎರಡನ್ನೂ ಬರೆದುಕೊಟ್ಟೆ.

ಆಮೇಲೆ ಗಂಡನನ್ನು ಒಂದೇ ಪ್ರಶ್ನೆ ಕೇಳಿದೆ. "ಕಾಫಿ ವ್ಯಾಪಾರಿ ತೂಕದಲ್ಲಿ ಮೋಸ ಮಾಡಿದಾಗ ಏನು ಮಾಡ್ತೀರಿ?" "ಏನ್ ಮಾಡೋದು, ನಗ್ತಾ ಮಾತಾಡಿ ಬರ್ತೀನಿ." "ಅಂದರೆ ಸಿಟ್ಟನ್ನು ತಡೆಯೋಕೆ ನಿಮಗೆ ಬರುತ್ತೆ, ಅಲ್ವಾ?" ತುಂಬ ಹೊತ್ತು ತಲೆ ಬಗ್ಗಿಸಿ ಕೂತರು. ಹುಟ್ಟುಗುಣ ಅನ್ನುವ ಮಾತನ್ನು ಮತ್ತೆ ಎತ್ತಲಿಲ್ಲ. ಮಳೆಯ ಮೇಲಿನ, ರೇಟಿನ ಮೇಲಿನ ಸಿಟ್ಟು ಎದುರು ಮಾತಾಡದವರ ಮೇಲೆ ಬೀಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನನಗೆ ಅದು ಸಂಕಟದ ವಿಷಯ.

ನಾನೂ ಅವರೂ ಕೂತು ಆ ದಿನವನ್ನು ಹಿಂದಕ್ಕೆ ಬಿಚ್ಚುತ್ತಾ ಹೋದೆವು. ಹಿಂದಿನ ರಾತ್ರಿ ತೋಟಕ್ಕೆ ಆನೆ ಬಂದು ಮೂರು ಗಂಟೆ ನಿದ್ದೆಯಷ್ಟೇ. ಬೆಳಿಗ್ಗೆ ಕೊಯ್ಲಿಗೆ ನಾಲ್ಕು ಆಳು ಕಡಿಮೆ. ಮಧ್ಯಾಹ್ನ ಊಟ ಇಲ್ಲ. ಮೋಡ ಕಂಡಾಗಲೇ ದವಡೆ ಬಿಗಿದಿತ್ತು, ಹೆಬ್ಬೆರಳು ಮುಷ್ಟಿಯೊಳಗೆ ಹೋಗಿತ್ತು. ಹೇಳುತ್ತಿರುವಾಗಲೂ ಅವರ ಹೆಬ್ಬೆರಳು ಒಳಗೇ ಇತ್ತು. ನಾನು ತೋರಿಸಿದೆ. ಅವರು ನೋಡಿಕೊಂಡು ಬಿಚ್ಚಿದರು.

ಅದೇ ನಾನು ಕೊಟ್ಟ ಮೊದಲ ಸಲಹೆ. ಹೆಬ್ಬೆರಳು ಒಳಗೆ ಹೋಯಿತಾ, ಕೈಯಲ್ಲಿರುವುದನ್ನು ಕೆಳಗಿಡಿ. ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಆಮೇಲೆ ಅಲ್ಲಿಂದ ಹೊರಡಿ. ಆದರೆ ಸುಮ್ನೆ ಎದ್ದು ಹೋಗಬೇಡಿ. "ಅರ್ಧ ಗಂಟೆ ಬಿಟ್ಟು ಬರ್ತೀನಿ" ಅಂತ ಹೇಳಿ ಹೋಗಿ, ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ವಾಪಸ್ ಬಾರದಿದ್ದರೆ ಅದು ಇನ್ನೊಂದು ಬಗೆಯ ಸಿಟ್ಟು. ಕೋಪ ಇಳಿಯಲಿ ಅಂತ ಇವರು ಸೌದೆ ಒಡೆಯುತ್ತಿದ್ದರು. ಅದನ್ನೂ ಬಿಡಿಸಿದೆ. ಮಗಳ ತಪ್ಪನ್ನು ನೆನೆಯುತ್ತಾ ಕೊಡಲಿ ಬೀಸಿದರೆ ಮೈಕಾವು ಏರುತ್ತದೆ, ಇಳಿಯುವುದಿಲ್ಲ. ತೋಟದ ದಾರಿಯಲ್ಲಿ ನಿಧಾನ ನಡೆದು ಬನ್ನಿ ಅಂದೆ. ಕೊಯ್ಲು ಮುಗಿಯುವವರೆಗೆ ಸಂಜೆಯ ಎರಡು ಪೆಗ್ ನಿಲ್ಲಿಸಿ, ಬಿಪಿ ನೋಡಿಸಿಕೊಳ್ಳಿ, ರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಿ ಅಂದೆ. ಅದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಗಳ ಹತ್ತಿರ ಕ್ಷಮೆ ಕೇಳುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. "ತಪ್ಪಾಯ್ತು ಪುಟ್ಟಿ, ಆದ್ರೆ ನೀನೂ..." ಅಂತ ಶುರುವಾಗುತ್ತಿತ್ತು. 'ಆದ್ರೆ' ತೆಗೆಯಿರಿ ಅಂದೆ. ನಾಲ್ಕು ಸಲ ಹೇಳಿಸಿದೆ. ನಾಲ್ಕನೇ ಸಲ ಗಂಟಲು ಕಟ್ಟಿತು.

ಮೂರು ವಾರದ ನಂತರ ಬಂದರು. ಎರಡು ಸಲ ಹೇಳಿ ಹೋಗಿ ವಾಪಸ್ ಬಂದಿದ್ದಾರೆ. ಒಂದು ಸಲ ಆಗಲಿಲ್ಲ, ಕೂಗಾಡಿದ್ದಾರೆ. ಗೋಡೆಗೆ ಅವರೇ ಗಾರೆ ಹಚ್ಚಿದ್ದಾರೆ. ಮಗಳು ಈಗ ಊಟಕ್ಕೆ ಬರುತ್ತಾಳೆ, ಆದರೆ ಅಮ್ಮನ ಆಚೆ ಬದಿಗೆ ಕೂರುತ್ತಾಳೆ. "ಇನ್ನೂ ಎಷ್ಟು ದಿನ ಮೇಡಂ?" ಅಂತ ಕೇಳಿದರು. ಅದನ್ನು ಅವಳೇ ಹೇಳಬೇಕು ಅಂದೆ. ಮುಂದಿನ ಸಲ, ಅವಳಿಗೆ ಮನಸ್ಸಿದ್ದರೆ ಮಾತ್ರ, ಅವಳನ್ನೂ ಕರೆದುಕೊಂಡು ಬರುತ್ತಾರೆ.