ಭಾರತ ಹೊರಡುವ ಮೊದಲೇ ಡೈನೋಸಾರ್ ಮುಗಿದುಹೋಗಿವೆ: ನಿಮ್ಮ ಚಾರ್ಟಿಗೆ ಉತ್ತರ

ನಿಮ್ಮ ಚಾರ್ಟಿನಲ್ಲಿ ಭಾರತ ಮಡಗಾಸ್ಕರ್ ಬಿಟ್ಟು ಹೊರಡುವ ಮೊದಲೇ ಡೈನೋಸಾರ್ ಮುಗಿದುಹೋಗಿವೆ, ಅದು ತಪ್ಪು. ಎಡವಟ್ಟಾಗಿರುವುದು ಬಹುಶಃ ಅಳತೆಯಲ್ಲಿ. ಮೇಲಿನ ಸಾಲಿನಲ್ಲಿ ಖಂಡಗಳನ್ನು ವರ್ಷದ ಲೆಕ್ಕದಲ್ಲಿ ಇಟ್ಟಿದ್ದೀರಿ, ಕೆಳಗೆ ಜೀವಿಗಳಿಗೆ ಮಾತ್ರ ಕೇಂಬ್ರಿಯನ್‌ನಿಂದ (ಸುಮಾರು 54 ಕೋಟಿ ವರ್ಷದ ಹಿಂದೆ ಶುರುವಾದ ಅವಧಿ) ಇವತ್ತಿನವರೆಗೆ ಭೂ ಇತಿಹಾಸದ ಹನ್ನೆರಡು ಅವಧಿಗೂ ಒಂದೇ ಅಗಲದ ಚೌಕ. ಡೈನೋಸಾರ್ ಮುಗಿದ ಕ್ರಿಟೇಶಿಯಸ್ ಅವಧಿ ಸುಮಾರು 7.9 ಕೋಟಿ ವರ್ಷ, ಈಗಿನ ಕ್ವಾಟರ್ನರಿ ಬರೀ 26 ಲಕ್ಷ. ಹಾಗಾಗಿ ಡೈನೋಸಾರ್‌ಗಳ ಕೊನೆ ಮೇಲಿನ ಸಾಲಿನ 13.5 ಕೋಟಿ ವರ್ಷದ ಗುರುತಿನ ಹತ್ತಿರ ಹೋಗಿ ಕೂತಿದೆ.

ಚೌಕಗಳನ್ನು ಅಳಿಸಿ. 54 ಸೆಂ.ಮೀ. ಉದ್ದದ ಒಂದು ಗೆರೆ ಎಳೆಯಿರಿ, 1 ಸೆಂ.ಮೀ.ಗೆ 1 ಕೋಟಿ ವರ್ಷ. ಬಲತುದಿ ಇವತ್ತು. ಎರಡೂ ಸಾಲಿಗೆ ಇದೇ ಗೆರೆ.

ಮೊದಲು ಬಲದಿಂದ ಅಳೆದು ಖಂಡಗಳನ್ನು ಗುರುತಿಸಿ. 20 ಸೆಂ.ಮೀ. ಹತ್ತಿರ ಪ್ಯಾಂಜಿಯಾ (ಎಲ್ಲ ಖಂಡಗಳೂ ಒಂದಾಗಿದ್ದ ಮಹಾಖಂಡ) ಒಡೆಯಲು ಶುರು. 8.8ಕ್ಕೆ ಭಾರತ ಮಡಗಾಸ್ಕರ್ ಬಿಟ್ಟಿತು; ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಕಾಲದ ಲಾವಾ, ಒಂದು ಫೋಟೋ ಅಂಟಿಸಿದರೆ ಚೆನ್ನಾಗಿರುತ್ತೆ. ಏಷ್ಯಾಕ್ಕೆ ಡಿಕ್ಕಿ ಹೊಡೆದದ್ದು ಯಾವಾಗ ಅನ್ನೋದರಲ್ಲಿ ವಿಜ್ಞಾನಿಗಳಿಗೇ ಒಮ್ಮತವಿಲ್ಲ. ಅಲ್ಲಿ ಗೆರೆ ಬೇಡ, 5ರಿಂದ 6ರವರೆಗೆ ಪೆನ್ಸಿಲ್‌ನಲ್ಲಿ ತೆಳುವಾಗಿ ಬಣ್ಣ ತುಂಬಿ.

ಆಮೇಲೆ ಜೀವಿಗಳು. 25.2ಕ್ಕೆ ಪರ್ಮಿಯನ್ ಅವಧಿಯ ಕೊನೆಯ ಮಹಾ ಅಳಿವು, 6.6ಕ್ಕೆ ಡೈನೋಸಾರ್‌ಗಳದ್ದು (ಹಕ್ಕಿಗಳು ಉಳಿದವು, ಅದನ್ನೂ ಬರೆಯಿರಿ). ದಖನ್ನಿನ ಲಾವಾ ಹರಿದದ್ದೂ ಸರಿಸುಮಾರು ಆಗಲೇ. ನಮ್ಮ ಪ್ರಭೇದದ ಮನುಷ್ಯರಿಗೆ (ಹೋಮೋ ಸೇಪಿಯನ್ಸ್) ಸಿಗೋದು 0.3 ಮಿ.ಮೀ. ಅಷ್ಟೇ, ಸುಮ್ನೆ ಒಂದು ಬಾಣ ಹಾಕಿ.

ಭೂಮಿ ಹುಟ್ಟಿದ್ದನ್ನೂ ಇದೇ ಗೆರೆಗೆ ಸೇರಿಸಬೇಡಿ, 4.6 ಮೀಟರ್ ಹಾಳೆ ಬೇಕಾಗುತ್ತೆ. ಎಡತುದಿಯಲ್ಲಿ ಬಾಣ ಹಾಕಿ 'ಇನ್ನೂ 4 ಮೀಟರ್' ಅಂತ ಬರೆದರೆ ಸಾಕು.