ಬೆರಳು ಸವೆಯುವಷ್ಟು ರಿಫ್ರೆಶ್ ಒತ್ತಿದರೂ ಕಂಪ್ಯೂಟರ್ ಏಳುತ್ತಿಲ್ಲ!

ಪ್ರಶ್ನೆ: ನನ್ನ ವಿಂಡೋಸ್ ಕಂಪ್ಯೂಟರ್‌ಗೆ ಏಳು ವರ್ಷ. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಗಿರಗಿರ ತಿರುಗುತ್ತಲೇ ಇರುತ್ತದೆ. ದಿನಾ ಬೆಳಿಗ್ಗೆ ಇಪ್ಪತ್ತು ಸಲ ರಿಫ್ರೆಶ್ ಒತ್ತುತ್ತೇನೆ, ರಾತ್ರಿ ತಪ್ಪದೆ ಶಟ್‌ಡೌನ್ ಮಾಡುತ್ತೇನೆ. ಎರಡು ಆಂಟಿವೈರಸ್ ಇವೆ, ಸ್ಪೀಡ್ ಹೆಚ್ಚಿಸುವ ಸಾಫ್ಟ್‌ವೇರ್ ಮೂರು ಇವೆ. ಇನ್ನೇನು ಮಾಡಲಿ?

ಉತ್ತರ: ಇನ್ನೇನೂ ಮಾಡಬೇಡಿ. ಮಾಡಿದ್ದೇ ಜಾಸ್ತಿಯಾಗಿದೆ.

ಮೊದಲು ರಿಫ್ರೆಶ್ ವಿಚಾರ. ಅದು ಡೆಸ್ಕ್‌ಟಾಪ್ ಮೇಲಿರುವ ಐಕಾನ್‌ಗಳನ್ನು ಮತ್ತೊಮ್ಮೆ ನೋಡಿ ಮತ್ತೊಮ್ಮೆ ಬಿಡಿಸುತ್ತದೆ, ಅಷ್ಟೇ. ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿನ ಜಾಗ ಖಾಲಿಯಾಗುವುದಿಲ್ಲ, ಸ್ಪೀಡೂ ಬರುವುದಿಲ್ಲ. ಏದುಸಿರು ಬಿಡುತ್ತಿರುವವನನ್ನು ಹಿಡಿದು ನಿಲ್ಲಿಸಿ ಇಪ್ಪತ್ತು ಸಲ ‘ಆರಾಮಾ?’ ಎಂದು ಕೇಳಿದ ಹಾಗೆ. ಆದರೆ ಹಳೇ ಚಟ, ಒಮ್ಮೆಲೇ ಬಿಡಿಸಿದರೆ ಕೈ ನಡುಗಬಹುದು. ಈ ವಾರ ಹತ್ತು ಸಲ, ಮುಂದಿನ ವಾರ ಐದು ಸಲ ಒತ್ತಿ.

ಇನ್ನು ನನ್ನ ಪರಮ ರಹಸ್ಯ ಚಿಕಿತ್ಸೆ: ರೀಸ್ಟಾರ್ಟ್. ನಗಬೇಡಿ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬುದೊಂದಿದೆ. ಅದು ಆನ್ ಆಗಿದ್ದರೆ ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಮ್‌ಗಳು ಮುಚ್ಚುತ್ತವೆ ನಿಜ, ಆದರೆ ವಿಂಡೋಸ್‌ನ ಒಳತಿರುಳು ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಇಳಿದು, ಬೆಳಿಗ್ಗೆ ಹಾಗೇ ಎದ್ದು ಕೂರುತ್ತದೆ. ನೀವು ರಾತ್ರಿ ಮಾಡುತ್ತಿರುವುದು ಅರೆನಿದ್ದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಭಾಗದಲ್ಲಿ ‘ಅಪ್ ಟೈಮ್’ ನೋಡಿ. ನಿನ್ನೆ ರಾತ್ರಿ ಮಲಗಿಸಿದ ಯಂತ್ರ ಮೂವತ್ತು ದಿನದಿಂದ ಎಚ್ಚರವಾಗಿದೆ ಎಂದು ಅದೇ ಹೇಳೀತು. ಎಲ್ಲವನ್ನೂ ಹೊಸದಾಗಿ ಶುರು ಮಾಡುವುದು ರೀಸ್ಟಾರ್ಟ್ ಮಾತ್ರ.

ಎರಡು ಆಂಟಿವೈರಸ್ ಎಂದರೆ ಎತ್ತು ಏರಿಗೆ, ಕೋಣ ನೀರಿಗೆ. ನೀವು ತೆರೆದ ಫೈಲನ್ನು ಒಂದು ತಡೆದು ತಪಾಸಣೆಗೆ ಕೂತರೆ, ಅದು ಮುಟ್ಟಿದ್ದೇನು ಎಂದು ನೋಡಲು ಇನ್ನೊಂದು ಓಡಿ ಬರುತ್ತದೆ. ಒಂದನ್ನು ಕಿತ್ತುಹಾಕಿ. ಸ್ಪೀಡ್ ಹೆಚ್ಚಿಸುವ ಆ ಮೂವರನ್ನೂ ಬೀಳ್ಕೊಡಿ, ಆಗ ಮಾತ್ರ ಅವು ಹೇಳಿದಂತೆ ಸ್ಪೀಡ್ ಹೆಚ್ಚುತ್ತದೆ.

ಇಷ್ಟಾದರೂ ತಮಾಷೆ ಬದಿಗಿಟ್ಟು ಹೇಳುವುದಾದರೆ, ನಿಮ್ಮ ಅಸಲಿ ಶತ್ರು ಆ ಹಾರ್ಡ್ ಡಿಸ್ಕ್. 4 ಜಿಬಿ ರ‍್ಯಾಮ್ ಬೇಗ ತುಂಬುತ್ತದೆ. ಜಾಗ ಸಾಲದಾದಾಗ ವಿಂಡೋಸ್ ಡಿಸ್ಕ್‌ನ ಒಂದು ಮೂಲೆಯನ್ನೇ ರ‍್ಯಾಮ್ ಎಂದುಕೊಂಡು ಸಾಮಾನು ಅಲ್ಲಿಡುತ್ತದೆ. ರ‍್ಯಾಮ್‌ನಿಂದ ಒಂದು ತುಣುಕು ತರಲು ಹಿಡಿಯುವುದು ಸುಮಾರು 100 ನ್ಯಾನೊಸೆಕೆಂಡ್. ಹಾರ್ಡ್ ಡಿಸ್ಕ್‌ನಲ್ಲಾದರೆ ತಟ್ಟೆ ತಿರುಗಬೇಕು, ಮುಳ್ಳು ಸರಿದು ಜಾಗ ಹುಡುಕಬೇಕು, ಸುಮಾರು 10 ಮಿಲಿಸೆಕೆಂಡ್. ಮೊದಲನೆಯದನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ ಎರಡನೆಯದು 27 ಗಂಟೆ ದಾಟುತ್ತದೆ! ಅದೇ ಲೆಕ್ಕದಲ್ಲಿ, ತಿರುಗುವ ತಟ್ಟೆಯೇ ಇಲ್ಲದೆ ಚಿಪ್‌ಗಳಲ್ಲಿ ಫೈಲ್ ಇಡುವ ಎಸ್‌ಎಸ್‌ಡಿಗೆ ಬೇಕಾಗುವುದು ಹದಿನೇಳು ನಿಮಿಷದ ಆಸುಪಾಸು. ಆದ್ದರಿಂದ ಫೈಲ್‌ಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ ಸೇರಿಸಲು ಜಾಗವಿದ್ದರೆ 8 ಜಿಬಿ ಮಾಡಿಸಿ.

ಹಾಕಿಸಿದ ದಿನ ಖುಷಿಗೆ ಒಂದೇ ಒಂದು ಸಲ ರಿಫ್ರೆಶ್ ಒತ್ತಿ, ನನ್ನ ಅಭ್ಯಂತರವಿಲ್ಲ. ಆಗಲೂ ಏನೂ ಆಗುವುದಿಲ್ಲ, ಆದರೆ ಬೇಗ ಆಗುತ್ತದೆ.